ಚಳಿಯಾಗುವುದು ಯಾರಿಗೆ?

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಮನೆ ಕಟ್ಟುವವನು ಅಡಿಪಾಯವನ್ನು ಎಷ್ಟು ಆಳಕ್ಕೆ ಇಳಿಸಬೇಕೆಂಬುದನ್ನು ಗೋಡೆಯ ಭಾರವಾಗಲಿ ಮಣ್ಣಿನ ಗುಣವಾಗಲಿ ಅಷ್ಟಾಗಿ ನಿರ್ಣಯಿಸುವುದಿಲ್ಲ. ಅದನ್ನು ನಿರ್ಣಯಿಸುವುದು ಚಳಿ. ರಾಜ್ಯದ ದಕ್ಷಿಣ ಭಾಗದಲ್ಲಿ 42 ಅಂಗುಲ, ಉತ್ತರ ಭಾಗದಲ್ಲಿ 60 ಅಂಗುಲ ಅಗೆದು, ಹೆಪ್ಪುಗಟ್ಟುವ ಮಣ್ಣಿನ ಪದರವನ್ನು ದಾಟಿದ ಮೇಲೆಯೇ ಕಾಂಕ್ರೀಟು ಹಾಕತಕ್ಕದ್ದೆಂದು ಅಲ್ಲಿನ ಕಟ್ಟಡ ಸಂಹಿತೆ ವಿಧಿಸಿದೆ. ಏಕೆಂದರೆ ಮಣ್ಣಿನೊಳಗಣ ನೀರು ಗಡ್ಡೆಗಟ್ಟಿ ಉಬ್ಬಿತೆಂದರೆ ಮೇಲಿರುವ ಗೋಡೆಯನ್ನೇ ಎತ್ತಿಬಿಡಬಲ್ಲುದು. ಬೆಂಗಳೂರಿನ ದಾಖಲೆಯಲ್ಲಿ ಅತ್ಯಂತ ಚಳಿಯ ದಿನವೆನಿಸಿದ 1884ರ ಜನವರಿ 13ರಂದು ಉಷ್ಣಮಾನ 7.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಮಿನಿಯಾಪೊಲಿಸ್ ನಗರದಲ್ಲಿ ಜನವರಿಯ ಸರಾಸರಿಯೇ ಶೂನ್ಯಕ್ಕಿಂತ ಸುಮಾರು 9 ಡಿಗ್ರಿ ಕೆಳಗೆ. ಅದೇ ರಾಜ್ಯದ ಟವರ್ ಎಂಬ ಊರಿನಲ್ಲಿ 1996ರ ಫೆಬ್ರುವರಿ 2ರಂದು ಪಾದರಸ ಶೂನ್ಯಕ್ಕಿಂತ 51 ಡಿಗ್ರಿ ಕೆಳಕ್ಕೆ ಹೋಯಿತೆಂದರೆ, ಮೈಸೂರು ಸೀಮೆಯಲ್ಲಿ ಹುಟ್ಟಿ ಬೆಳೆದವನ ಕಲ್ಪನೆ ಅಲ್ಲಿಯವರೆಗೆ ಹಿಂಬಾಲಿಸಲಾರದೆ ನಡುದಾರಿಯಲ್ಲಿಯೇ ನಿಂತುಬಿಡುತ್ತದೆ.

ಇಂತಹ ನಾಡಿನಲ್ಲಿ, ನವೆಂಬರಿನಿಂದ ಮಾರ್ಚಿಯವರೆಗೆ ಹೊರಗಿನ ಬದುಕೆಲ್ಲ ಮುದುಡಿಕೊಂಡಿರುವ ಕಾಲದಲ್ಲಿ, ಕೈಗೆ ಕೆಲಸ ಬೇಕೆನ್ನುವವನು ಆಸೆಯಿಂದ ನೋಡುವ ಸ್ಥಳ ಮನೆಯ ಮಗ್ಗುಲಿನ ಗ್ಯಾರೇಜು. ಅಲ್ಲಿನ ಮನೆಗಳಿಗೆ ಹೊಂದಿಕೊಂಡಿರುವ ಗ್ಯಾರೇಜು ಒಂದು ವಿಚಿತ್ರವಾದ ಮಧ್ಯಸ್ಥಾನ. ಅದನ್ನು ಪೂರಾ ಮನೆಯೆನ್ನುವಂತಿಲ್ಲ, ಬಯಲೆನ್ನುವಂತೆಯೂ ಇಲ್ಲ. ಮನೆಗೂ ಅದಕ್ಕೂ ನಡುವಣ ಗೋಡೆಗೆ ಕಡಿಮೆಯೆಂದರೆ ಅರ್ಧ ಅಂಗುಲ ದಪ್ಪದ ಜಿಪ್ಸಮ್ ಹಲಗೆಯನ್ನು ಹೊದಿಸಬೇಕೆಂದು ಸಂಹಿತೆ ಕಟ್ಟುನಿಟ್ಟು ಮಾಡುವುದು ಬೆಂಕಿಯ ಭಯದಿಂದ. ಕಾರಿಗೆ ಚಳಿಯಾದೀತೆಂಬ ಕನಿಕರ ಯಾವ ಸಂಹಿತೆಗೂ ಇಲ್ಲದಿರುವುದರಿಂದ ಹಳೆಯ ಗ್ಯಾರೇಜುಗಳ ಹೊರಗೋಡೆಗಳು ಬಹುಮಟ್ಟಿಗೆ ಮರದ ಚೌಕಟ್ಟಿನ ಮೇಲೆ ಹೊಡೆದ ಹಲಗೆಗಳಷ್ಟೆ. ಎದುರಿಗೆ ಹದಿನಾರು ಅಡಿ ಅಗಲ, ಏಳು ಅಡಿ ಎತ್ತರದ ಬಾಗಿಲು. ಮೇಲಕ್ಕೆ ಸರಿದು ಮಾಡಿನ ಕೆಳಗೆ ಮಲಗಿಕೊಳ್ಳುವ ಆ ಬಾಗಿಲನ್ನು 1921ರಲ್ಲಿ ರೂಪಿಸಿದ ಸಿ. ಜಿ. ಜಾನ್ಸನ್ ಎಂಬಾತನಿಗೆ ಮೋಟಾರು ಯುಗ ಋಣಿಯಾಗಿರುವುದು ನ್ಯಾಯವೇ. ಆದರೆ ಮರಗೆಲಸದವನ ದೃಷ್ಟಿಯಲ್ಲಿ ಅದು ಬಾಗಿಲೆಂಬ ಹೆಸರನ್ನು ಹೊತ್ತ, ನೂರಹನ್ನೆರಡು ಚದರಡಿಯ ಒಂದು ತೂತು.

ಆದರೂ ಈ ತೂತಿನ ಹಿಂದೆ ಎಂತೆಂತಹ ಕೆಲಸಗಳು ನಡೆದಿವೆಯೆಂಬುದಕ್ಕೆ ಅದೇ ಮಿನಿಯಾಪೊಲಿಸ್ ನಗರವೇ ಸಾಕ್ಷಿ. 1949ರಲ್ಲಿ ಅರ್ಲ್ ಬಾಕ್ಕನ್ ಎಂಬ ಎಂಜಿನಿಯರೂ ಆತನ ನೆಂಟನಾದ ಪಾಮರ್ ಹರ್ಮಂಡ್ಸ್‌ಲಿಯೂ ಕೂಡಿ ಆಸ್ಪತ್ರೆಗಳ ವಿದ್ಯುದುಪಕರಣಗಳನ್ನು ರಿಪೇರಿ ಮಾಡುವ ಅಂಗಡಿಯೊಂದನ್ನು ನಗರದ ಈಶಾನ್ಯ ಭಾಗದ ಒಂದು ಗ್ಯಾರೇಜಿನಲ್ಲಿ ತೆರೆದರು. ರೈಲಿನ ಹಳೆಯ ಸರಕು ಡಬ್ಬಿಗಳೆರಡನ್ನು ಜೋಡಿಸಿ ಮಾಡಿದ ಆ ಗ್ಯಾರೇಜನ್ನು ಚಳಿಗಾಲದಲ್ಲಿ ಬೆಚ್ಚಗಿಡುತ್ತಿದ್ದುದು ಒಂದು ಡೊಳ್ಳುಹೊಟ್ಟೆಯ ಕಬ್ಬಿಣದ ಒಲೆ. ಮೊದಲ ತಿಂಗಳ ಸಂಪಾದನೆ ಎಂಟು ಡಾಲರು. 1957ರ ಅಕ್ಟೋಬರ್ 31ರಂದು ನಗರದಲ್ಲಿ ವಿದ್ಯುತ್ತು ನಿಂತುಹೋಗಿ, ಗೋಡೆಯ ಪ್ಲಗ್ಗಿಗೆ ಕಟ್ಟುಬಿದ್ದ ಹೃದಯಪ್ರೇರಕಗಳನ್ನು ನೆಚ್ಚಿದ್ದ ರೋಗಿಗಳ ಪಾಡು ಏನೆಂಬ ಪ್ರಶ್ನೆ ಎದ್ದಾಗ, ವಿಶ್ವವಿದ್ಯಾನಿಲಯದ ಶಸ್ತ್ರವೈದ್ಯ ವಾಲ್ಟನ್ ಲಿಲ್ಲೆಹೈ ಕೇಳಿಕೊಂಡ ಮೇರೆಗೆ ಬಾಕ್ಕನ್ ಕೆಲವೇ ವಾರಗಳಲ್ಲಿ, ಟ್ರಾನ್ಸಿಸ್ಟರುಗಳಿಂದ, ಬ್ಯಾಟರಿಯ ಮೇಲೆ ನಡೆಯುವ, ಮೈಮೇಲೆ ಧರಿಸಬಹುದಾದ ಪುಟ್ಟ ಪ್ರೇರಕವನ್ನು ಆ ಗ್ಯಾರೇಜಿನಲ್ಲಿಯೇ ಮಾಡಿಕೊಟ್ಟನು. ಮೆಡ್‌ಟ್ರಾನಿಕ್ ಎಂಬ ದೊಡ್ಡ ಕಂಪನಿಯ ಮೂಲ ಇದು. ಗ್ಯಾರೇಜಿನಲ್ಲಿ ಹುಟ್ಟಿದ ಕಂಪನಿಗಳ ಕಥೆಯೆಂದೊಡನೆ ಕ್ಯಾಲಿಫೋರ್ನಿಯಾದ ಕಡೆಗೆ ತಿರುಗುವ ಪತ್ರಿಕೆಯವರು ಈ ಗ್ಯಾರೇಜನ್ನು ಅಷ್ಟಾಗಿ ನೆನೆಯದಿರುವುದು ನನಗೆ ಆಶ್ಚರ್ಯ. ಕ್ಯಾಲಿಫೋರ್ನಿಯಾದ ಗ್ಯಾರೇಜಿನಲ್ಲಿ ಪ್ರತಿಭೆಯೊಂದಿದ್ದರೆ ಸಾಕು, ಮಿನ್ನೆಸೋಟದಲ್ಲಿ ಅದರ ಜೊತೆಗೆ ಒಲೆಯೂ ಬೇಕು.

ಒಲೆ ಎಂಬ ಈ ಮಾತಿನಿಂದಲೇ ಎಲ್ಲರೂ ತೊಡಗುವುದು. ಅಕ್ಟೋಬರ್ ತಿಂಗಳ ಕೊನೆಗೆ ನಮ್ಮ ಕನ್ನಡದ ಮಿತ್ರರು ಒಬ್ಬರಲ್ಲ ಒಬ್ಬರು, ಗಣಪತಿ ಹಬ್ಬದ ಮಂಟಪಕ್ಕೆ ಹಲಗೆ ಕೊಯ್ದ ಉತ್ಸಾಹ ಇನ್ನೂ ಆರಿರದವರು, “ಸ್ವಾಮಿ, ಗ್ಯಾರೇಜಿಗೆ ಯಾವ ಹೀಟರು ತೊಗೊಳ್ಳಲಿ?” ಎಂದು ಕೇಳುತ್ತಾರೆ. “ಹಗಲು ಹೊತ್ತಿನಲ್ಲಿ ಬಾಗಿಲು ಮುಚ್ಚಿ, ದೀಪ ಆರಿಸಿ, ಒಳಗೆ ನಿಂತು ಎಲ್ಲೆಲ್ಲಿ ಬೆಳಕು ಕಾಣುತ್ತದೆಯೋ ನೋಡಿಕೊಂಡು ಬನ್ನಿ, ಆಮೇಲೆ ಮಾತಾಡೋಣ” ಎಂದು ನಾನು ಹೇಳಿದರೆ, ಹೀಟರಿನ ವಿಷಯ ಕೇಳಿದವನಿಗೆ ಇದೇನು ಉತ್ತರವೆಂದು ಅವರ ಮುಖ ಚಿಕ್ಕದಾಗುತ್ತದೆ. ಆದರೆ ಅದಕ್ಕೂ ಮೊದಲಿನ ಪ್ರಶ್ನೆಯೊಂದಿದೆ. ಅದನ್ನು ಕೇಳುವವರು ವಿರಳ. ಗ್ಯಾರೇಜಿನಲ್ಲಿ ಚಳಿಯಾಗುವುದು ಯಾರಿಗೆ?

ಕೆಲಸಗಾರನಿಗೆ ಎಂಬ ಉತ್ತರ ಸಹಜವಾದದ್ದು, ಆದರೆ ಪೂರ್ಣವಾದದ್ದಲ್ಲ. ಮನುಷ್ಯನಿಗೆ ಉಣ್ಣೆಯ ಅಂಗಿಯುಂಟು, ಟೋಪಿಯುಂಟು, ದಪ್ಪ ಅಟ್ಟೆಯ ಬೂಟುಗಳುಂಟು. ಎಲ್ಲಕ್ಕಿಂತ ಮಿಗಿಲಾಗಿ, ಓಕ್ ಮರದ ಹಲಗೆಯೊಂದನ್ನು ಕೀಸುಳಿಯಿಂದ ಕಾಲು ಗಂಟೆ ಕೀಸಿದರೆ ಮೈಯಲ್ಲಿ ತಾನೇ ಏಳುವ ಕಾವುಂಟು. ಹತ್ತು ಡಿಗ್ರಿಯ ಹವೆಯಲ್ಲಿ ನಿಂತು ಕೆಲಸ ಮಾಡುವುದು ಆರೋಗ್ಯವಂತನಿಗೆ ಕಷ್ಟವೇನೂ ಅಲ್ಲ. ಐದು ಡಿಗ್ರಿಯಲ್ಲಿಯೂ ಕೈಗವಸು ತೊಟ್ಟು ಒರಟು ಕೆಲಸಗಳನ್ನು ಮಾಡಬಹುದು. ಅಂಗಿ ತೊಡಲಾರದವು, ಓಡಾಡಿ ಬೆಚ್ಚಗಾಗಲಾರದವು ಬೇರೆ ಇವೆ: ಬಾಟಲಿಯೊಳಗಣ ಅಂಟು, ಬೀಡುಕಬ್ಬಿಣದ ಯಂತ್ರ, ಗೋಡೆಗೆ ಒರಗಿಸಿಟ್ಟ ಮರ. ಗ್ಯಾರೇಜನ್ನು ಚಳಿಗಾಲಕ್ಕೆ ಒದಗುವಂತೆ ಮಾಡುವುದೆಂದರೆ ಪ್ರಧಾನವಾಗಿ ಈ ಮೂವರ ಯೋಗಕ್ಷೇಮವನ್ನು ವಹಿಸಿಕೊಳ್ಳುವುದು; ಇವುಗಳಿಗೆ ಹಿತವಾದ ಹವೆಯಲ್ಲಿ ಯಜಮಾನನಿಗೂ ಹಿತವುಂಟಾದರೆ ಅದು ಲಾಭ.

ಅಂಟಿನಿಂದಲೇ ಪ್ರಾರಂಭಿಸಬಹುದು. ಮರಗೆಲಸದಲ್ಲಿ ಇಂದು ಎಲ್ಲೆಲ್ಲೂ ಬಳಕೆಯಲ್ಲಿರುವ ಬಿಳಿಯ ಅಥವಾ ಹಳದಿಯ ಅಂಟು, ನಮ್ಮ ಬಡಗಿಗಳೆಲ್ಲರೂ ಫೆವಿಕಾಲ್ ಎಂಬ ಹೆಸರಿನಿಂದ ಬಲ್ಲ ಜಾತಿಯದು, ನೀರಿನಲ್ಲಿ ತೇಲುವ ಅತಿಸೂಕ್ಷ್ಮವಾದ ರಾಳದ ಕಣಗಳ ಸಮೂಹ. ಮರ ನೀರನ್ನು ಹೀರಿಕೊಂಡಂತೆ ಕಣಗಳು ಒಂದಕ್ಕೊಂದು ಒತ್ತರಿಸಿ, ಮೆತ್ತಗಾಗಿ ಬೆರೆತು, ಅಖಂಡವಾದ ಪೊರೆಯಾಗಬೇಕು. ಹಾಗೆ ಬೆರೆಯುವುದಕ್ಕೆ ಅವುಗಳಿಗೆ ಒಂದು ಕನಿಷ್ಠ ಉಷ್ಣತೆ ಅವಶ್ಯಕ. ಆ ಮಟ್ಟ ಅಂಟಿನಿಂದ ಅಂಟಿಗೆ ವ್ಯತ್ಯಾಸವಾಗುವುದಾದರೂ ಸಾಮಾನ್ಯವಾಗಿ ಎಂಟು ಹತ್ತು ಡಿಗ್ರಿಗಳ ಆಸುಪಾಸಿನಲ್ಲಿರುತ್ತದೆ. ಅದಕ್ಕಿಂತ ಕೆಳಗಿನ ಚಳಿಯಲ್ಲಿ ನೀರೇನೋ ಹೊರಟುಹೋಗುತ್ತದೆ, ಕಣಗಳು ಮಾತ್ರ ಬೆರೆಯದೆ ಬಿಡಿಬಿಡಿಯಾಗಿ ಉಳಿದು, ಸಂದಿನಲ್ಲಿ ಸೀಮೆಸುಣ್ಣದ ಪುಡಿಯಂತಹ ಬಿಳುಪು ಕಾಣಿಸಿಕೊಳ್ಳುತ್ತದೆ. ಹೊರನೋಟಕ್ಕೆ ಒಣಗಿದಂತೆ, ಗಟ್ಟಿಯಾದಂತೆ ಕಾಣುವ ಆ ಕೂಡು, ಕುರ್ಚಿಯ ಮೇಲೆ ಅತಿಥಿ ಕುಳಿತ ದಿನ ತನ್ನ ನಿಜವನ್ನು ಹೊರಗೆಡಹುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಹವೆಯ ಉಷ್ಣತೆಗಿಂತ ಮರದ ಉಷ್ಣತೆಯೆಂಬುದನ್ನು ಮರೆಯಬಾರದು: ಬೆಳಿಗ್ಗೆ ಹೀಟರು ಹಾಕಿ ಒಂದು ತಾಸಿನಲ್ಲಿ ಹವೆಯನ್ನು ಹದಿನೈದು ಡಿಗ್ರಿಗೆ ತಂದರೂ, ರಾತ್ರಿಯೆಲ್ಲ ಹೆಪ್ಪುಗಟ್ಟುವ ಚಳಿಯಲ್ಲಿ ಮಲಗಿದ್ದ ಎರಡು ಅಂಗುಲದ ದಿಮ್ಮಿಯ ಒಡಲು ಇನ್ನೂ ತಣ್ಣಗೆಯೇ ಇರುತ್ತದೆ. ವಾರ್ನಿಷು ಮೊದಲಾದ ಲೇಪಗಳ ಪಾಡೂ ಹೆಚ್ಚು ಕಡಿಮೆ ಇದೇ. ಎಪಾಕ್ಸಿಯೆಂಬ ಎರಡು ಬಾಟಲಿಗಳ ಅಂಟು ಚಳಿಯಲ್ಲಿ ಜೇನಿನಂತೆ ಗಟ್ಟಿಯಾಗಿ ಕೈಗೇ ಬರುವುದಿಲ್ಲ. ನೀರು ಬೆರೆತ ಅಂಟು ಮತ್ತು ಬಣ್ಣಗಳನ್ನು ಚಳಿಗಾಲದಲ್ಲಿ ಮನೆಯೊಳಗಿಡುವುದೇ ಲೇಸು, ಗೃಹಿಣಿ ಒಪ್ಪಿದರೆ.

ಕಬ್ಬಿಣದ ಕಷ್ಟ ಬೇರೆ ಬಗೆಯದು. ಅದಕ್ಕೆ ಚಳಿ ಶತ್ರುವಲ್ಲ, ಚಳಿ ಬಿಡುವ ಹೊತ್ತು ಶತ್ರು. ಹದಿನೈದು ಡಿಗ್ರಿಯ, ಅರ್ಧ ತೇವದ ಹವೆ ಸುಮಾರು ಐದು ಡಿಗ್ರಿಯ ಮೈಯನ್ನು ತಾಗಿದೊಡನೆ ಅದರೊಳಗಣ ಆವಿ ಇಬ್ಬನಿಯಾಗಿ ಕೂರಲಾರಂಭಿಸುತ್ತದೆ. ಎರಡು ಕ್ವಿಂಟಲ್ ತೂಗುವ ಗರಗಸದ ಯಂತ್ರವೊಂದು ವಾರವಿಡೀ ಶೂನ್ಯಕ್ಕಿಂತ ಕೆಳಗಿದ್ದು, ಶನಿವಾರ ಬೆಳಿಗ್ಗೆ ಯಜಮಾನನಿಗೆ ಉಮೇದು ಬಂದು ಗ್ಯಾರೇಜು ಥಟ್ಟನೆ ಬೆಚ್ಚಗಾಯಿತೆನ್ನಿ. ಹವೆಗೆ ಗಂಟೆಯೊಂದು ಸಾಕು, ಕಬ್ಬಿಣಕ್ಕೆ ದಿನದ ಬಹುಭಾಗವೇ ಬೇಕು, ಆ ನಡುವಣ ಅವಧಿಯಲ್ಲೆಲ್ಲ ಅದರ ನುಣುಪಾದ ಹಾಸು ಬೆವರುತ್ತಿರುತ್ತದೆ. ಸಾಯಂಕಾಲ ಹೀಟರು ಆರುತ್ತದೆ, ಬೆವರು ಉಳಿಯುತ್ತದೆ, ಮುಂದಿನ ಶನಿವಾರಕ್ಕೆ ಕಂದು ಬಣ್ಣದ ತುಕ್ಕು ಸಿದ್ಧ. ಅದೇ ಸೂರಿನಡಿ ಕಾರನ್ನೂ ನಿಲ್ಲಿಸುವವನ ಸಂಕಟ ಇಮ್ಮಡಿ: ಚಕ್ರಗಳ ಸಂದಿನಲ್ಲಿ ಕಾರು ಹೊತ್ತು ತರುವ ಹಿಮ ರಸ್ತೆಗೆ ಎರಚಿದ ಉಪ್ಪನ್ನೂ ಕೂಡಿಕೊಂಡು ನೆಲದ ಮೇಲೆ ಕರಗಿ ಹರಡುತ್ತದೆ; ನೀರು ಆವಿಯಾಗಿ ಯಂತ್ರಗಳನ್ನು ಹುಡುಕಿಕೊಂಡು ಹೋದರೆ ಉಪ್ಪು ನೆಲದಲ್ಲಿ ಉಳಿದು ಬೂಟುಗಳಿಗೆ ಅಂಟುತ್ತದೆ. ಹಾಸುಗಳಿಗೆ ಮೇಣ ತಿಕ್ಕುವುದು, ಹೊದಿಕೆ ಹಾಸುವುದು, ಉಳಿ ಬೈರಿಗೆಗಳ ಪೆಟ್ಟಿಗೆಯಲ್ಲಿ ಕರ್ಪೂರದ ತುಂಡೊಂದನ್ನು ಇಡುವುದು, ಇವೆಲ್ಲ ಹಳೆಯ ಕಸಬುದಾರರ ಉಪಾಯಗಳು. ದೇವರ ಮನೆಯ ಕರ್ಪೂರಕ್ಕೆ ಅಮೆರಿಕದ ಯಂತ್ರಶಿಲ್ಪಿಗಳ ಉಪಕರಣದ ಪೆಟ್ಟಿಗೆಯಲ್ಲಿಯೂ ಒಂದು ಸ್ಥಾನವಿತ್ತೆಂಬುದನ್ನು ತಿಳಿದ ದಿನ ನನಗೆ ಒಳಗೊಳಗೇ ಸಂತೋಷವಾಯಿತೆಂದು ಹೇಳಲು ಸಂಕೋಚವಿಲ್ಲ. ಆದರೆ ಈ ಉಪಾಯಗಳೆಲ್ಲ ಉಪಚಾರಗಳು ಮಾತ್ರ. ಹವೆಯೂ ಕಬ್ಬಿಣವೂ ಒಂದೇ ಮಟ್ಟದಲ್ಲಿ, ಅದು ಐದು ಡಿಗ್ರಿಯೇ ಆಗಿರಲಿ, ಏರಿಳಿತವಿಲ್ಲದೆ ಇರುವಂತೆ ನೋಡಿಕೊಂಡರೆ ಬೆವರುವ ಪ್ರಸಂಗವೇ ಬರುವುದಿಲ್ಲ.

ಮರದ ವಿಚಾರದಲ್ಲಿ ನಮ್ಮ ಮಲೆನಾಡಿನವರಿಗೆ ಹೊಸದಾಗಿ ಹೇಳಬೇಕಾದುದು ಕಡಿಮೆ. ಆಷಾಢದ ಮಳೆಯಲ್ಲಿ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡ ಬಾಗಿಲನ್ನು ಭುಜದಿಂದ ನೂಕಿ ತೆರೆದವರು, ಅದೇ ಬಾಗಿಲು ಬೇಸಗೆಯಲ್ಲಿ ಸಡಿಲವಾಗಿ ಗಾಳಿಗೆ ಬಡಿದುಕೊಳ್ಳುವುದನ್ನು ಕೇಳಿದವರು, ಮರಕ್ಕೆ ಕಡಿದ ಮೇಲೆಯೂ ಉಸಿರಾಟ ನಿಲ್ಲುವುದಿಲ್ಲವೆಂಬುದನ್ನು ಬಲ್ಲರು. ಮಿನ್ನೆಸೋಟದಲ್ಲಿ ಋತುಗಳು ಅದಲುಬದಲಾಗಿವೆ, ಅಷ್ಟೆ: ಅಲ್ಲಿ ಮರ ಒಣಗಿ ಕುಗ್ಗುವುದು ಚಳಿಗಾಲದಲ್ಲಿ, ಅದೂ ಮನೆಯ ಒಳಗೆ. ಶೂನ್ಯಕ್ಕಿಂತ 15 ಡಿಗ್ರಿ ಕೆಳಗಿರುವ ಹವೆ ಘನ ಮೀಟರಿಗೆ ಹೆಚ್ಚೆಂದರೆ ಒಂದೂವರೆ ಗ್ರಾಂ ನೀರಾವಿಯನ್ನು ಹೊರಬಲ್ಲುದು. ಅದೇ ಹವೆ ಮನೆಯೊಳಗೆ ಬಂದು ಇಪ್ಪತ್ತು ಡಿಗ್ರಿಗೆ ಕಾದಾಗ ಅದರ ಸಾಮರ್ಥ್ಯ ಹದಿನೇಳು ಗ್ರಾಂಗಳಾಗಿ, ಹೊತ್ತಿರುವುದು ಮಾತ್ರ ಆ ಒಂದೂವರೆಯೇ ಆಗಿ, ಬಾಯಾರಿದ ಆ ಹವೆ ತುಟಿ, ಚರ್ಮ, ಪುಸ್ತಕದ ರಟ್ಟು, ಮೇಜಿನ ಹಲಗೆಯೆಂಬ ಭೇದವಿಲ್ಲದೆ ಎಲ್ಲದರಿಂದಲೂ ನೀರನ್ನು ಕುಡಿಯತೊಡಗುತ್ತದೆ. ಕಾಯಿಸದ ಗ್ಯಾರೇಜಿನಲ್ಲಿ ಇಟ್ಟ ಮರದಲ್ಲಿ ತೇವ ತೂಕದ ಶೇಕಡಾ ಹನ್ನೆರಡರಷ್ಟಿದ್ದರೆ, ಮನೆಯೊಳಗೆ ಜನವರಿಯಲ್ಲಿ ಅದು ಐದಾರಕ್ಕೆ ಇಳಿಯುತ್ತದೆ. ಹನ್ನೆರಡು ಅಂಗುಲ ಅಗಲದ ಕೆಂಪು ಓಕ್ ಹಲಗೆಯೊಂದು ಈ ಇಳಿತದಲ್ಲಿ ಅಗಲದಲ್ಲಿ ಕಾಲಂಗುಲಕ್ಕೂ ತುಸು ಹೆಚ್ಚಾಗಿ ಕುಗ್ಗುತ್ತದೆ. ಉದ್ದದಲ್ಲಿ ಬಹುಮಟ್ಟಿಗೆ ಏನೂ ಆಗುವುದಿಲ್ಲ. ಗ್ಯಾರೇಜಿನ ಚಳಿಯಲ್ಲಿ ಕೂದಲೆಳೆಯಷ್ಟು ಸಂದಿಲ್ಲದೆ ಕೂಡಿಸಿದ ಮೇಜಿನ ಹಲಗೆ ಮನೆಯ ಹಜಾರಕ್ಕೆ ಬಂದ ತಿಂಗಳಿಗೆ ಬಿರುಕುಬಿಟ್ಟರೆ, ಮಾಡಿದವನ ಕೈಯನ್ನು ದೂರಿ ಪ್ರಯೋಜನವಿಲ್ಲ. ಹಲಗೆಯನ್ನು ಚೌಕಟ್ಟಿನ ಕೊರೆತದೊಳಗೆ ಅಂಟಿಲ್ಲದೆ ತೇಲಿಸಿಬಿಡುವ ಹಳೆಯ ಪದ್ಧತಿ ಈ ಕುಗ್ಗು ಹಿಗ್ಗುಗಳಿಗೆ ಅವಕಾಶ ಕೊಡುವುದಕ್ಕಾಗಿಯೇ ಹುಟ್ಟಿದ್ದು. ಗ್ಯಾರೇಜನ್ನು ಮಿತವಾಗಿ ಬೆಚ್ಚಗಿಟ್ಟರೆ ಅಲ್ಲಿನ ಹವೆಯೂ ಒಣಗುತ್ತದೆ, ಮರ ಮನೆಯ ಹವೆಗೆ ಅರ್ಧ ದಾರಿಯಲ್ಲಿಯೇ ಒಗ್ಗಿಕೊಳ್ಳುತ್ತದೆ; ಕೊನೆಯ ಹಂತದ ಹಲಗೆಗಳನ್ನು ಎರಡು ಮೂರು ವಾರ ಮೊದಲೇ ಮನೆಯೊಳಕ್ಕೆ ತಂದಿಡುವವರು ಇನ್ನೂ ಜಾಣರು.

ಈ ಮೂವರ ಬೇಡಿಕೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಯಾರೂ ಕೇಳುತ್ತಿರುವುದು ಬೇಸಗೆಯನ್ನಲ್ಲವೆಂಬುದು ಗೋಚರವಾಗುತ್ತದೆ. ಐದರಿಂದ ಹತ್ತು ಡಿಗ್ರಿಗಳ ಒಂದು ಸಾಧಾರಣ ಮಟ್ಟ, ಅಂಟು ಹಚ್ಚುವ ದಿನಗಳಲ್ಲಿ ಅದಕ್ಕಿಂತ ಒಂದಿಷ್ಟು ಮೇಲೆ, ಹಗಲಿರುಳು ಏರಿಳಿಯದೆ ಇದ್ದರೆ ಸಾಕು. ಹಾಗೆ ಇರಿಸುವುದರಲ್ಲಿ ಶಾಖವನ್ನು ಉತ್ಪಾದಿಸುವ ಶಕ್ತಿಗಿಂತ ಶಾಖವನ್ನು ಹಿಡಿದಿಡುವ ಶಕ್ತಿ ಮುಖ್ಯವಾದುದರಿಂದ, ಹೀಟರನ್ನು ಎಲ್ಲಕ್ಕಿಂತ ಕೊನೆಗೆ ಕೊಳ್ಳಬೇಕೆಂಬುದು ನನ್ನ ಮತ.

ಮೊದಲು ಗಾಳಿ. ಗಾಳಿ ಜೋರಾಗಿ ಬೀಸುವ ದಿನ ಊದುಬತ್ತಿಯೊಂದನ್ನು ಹಚ್ಚಿಕೊಂಡು ಗೋಡೆಯ ಬುಡ, ಕಿಟಕಿಯ ಅಂಚು, ಬಾಗಿಲಿನ ಇಕ್ಕೆಲ ಎಂದು ಗ್ಯಾರೇಜಿಗೆ ಒಂದು ಪ್ರದಕ್ಷಿಣೆ ಬಂದರೆ, ಹೊಗೆ ಎಲ್ಲೆಲ್ಲಿ ಅಡ್ಡಾದಿಡ್ಡಿಯಾಗಿ ಓಡುವುದೋ ಅಲ್ಲಲ್ಲಿ ಹಣ ಸೋರುತ್ತಿದೆಯೆಂದು ತಿಳಿಯಬಹುದು. ದೊಡ್ಡ ಬಾಗಿಲಿನ ಕೆಳ ಅಂಚಿನ ರಬ್ಬರು ಪಟ್ಟಿ ಕೆಲವು ವರುಷಗಳಲ್ಲಿ ಒಣಗಿ ಗಡುಸಾಗುತ್ತದೆ. ಅದನ್ನು ಬದಲಿಸಿ, ಎರಡು ಮಗ್ಗುಲಿಗೂ ನೆತ್ತಿಗೂ ಬಾಗಿಲನ್ನು ಒತ್ತಿಕೊಂಡಿರುವ ಮೆತ್ತನೆಯ ಪಟ್ಟಿಗಳನ್ನು ಹೊಡೆದು, ಗೋಡೆಯ ಮರಕ್ಕೂ ಕಾಂಕ್ರೀಟಿಗೂ ನಡುವಣ ಸಂದನ್ನು ಮುಚ್ಚುವುದರಲ್ಲಿ ಒಂದು ದಿನದ ಶ್ರಮವೂ ಅಲ್ಪ ಹಣವೂ ಹೋಗುತ್ತವೆ. ಇಷ್ಟರಿಂದ ದೊರೆಯುವ ಫಲ ಬಲು ದೊಡ್ಡದು.

ಬಳಿಕ ಗೋಡೆ ಮತ್ತು ಮಾಡು. ಮರದ ಚೌಕಟ್ಟಿನ ಕಂಬಗಳ ನಡುವೆ ಫೈಬರ್‌ಗ್ಲಾಸಿನ ಹೊದಿಕೆಗಳನ್ನು ತುಂಬುವುದು ಅಲ್ಲಿ ಎಲ್ಲರೂ ಬಲ್ಲ ಕ್ರಮ. ಆದರೆ ಅದರ ಒಳಮಗ್ಗುಲಿಗೆ, ಎಂದರೆ ಬೆಚ್ಚಗಿರುವ ಮಗ್ಗುಲಿಗೆ, ಪಾಲಿಥೀನಿನ ಹಾಳೆಯನ್ನು ಬಿಗಿಯಬೇಕೆಂಬುದನ್ನು ಅವಸರದವರು ಬಿಟ್ಟುಬಿಡುತ್ತಾರೆ. ಬಿಟ್ಟರೆ ಒಳಗಣ ತೇವದ ಹವೆ ಹೊದಿಕೆಯನ್ನು ತೂರಿ, ಹೊರ ಹಲಗೆಯ ತಣ್ಣನೆಯ ಬೆನ್ನನ್ನು ಮುಟ್ಟಿ, ಅಲ್ಲಿ ಹಿಮವಾಗಿ ಕೂತು, ವಸಂತದಲ್ಲಿ ಕರಗಿ, ಗೋಡೆಯನ್ನು ಒಳಗಿನಿಂದಲೇ ಕೊಳೆಯಿಸುತ್ತದೆ. ಥರ್ಮಾಕೋಲಿನ ಜಾತಿಯ ಹಲಗೆಗಳನ್ನು ಬಳಸುವವರು ಅವುಗಳ ಮೇಲೆ ಜಿಪ್ಸಮ್ ಹಲಗೆಯನ್ನು ಮುಚ್ಚಲೇಬೇಕು. ಬೆಂಕಿ ತಗುಲಿದಾಗ ಆ ನೊರೆ ಉಗುಳುವ ಹೊಗೆ ಘೋರವಾದದ್ದು. ಬೆಚ್ಚಗಾದ ಹವೆ ಮೇಲೇರುವುದರಿಂದ ಮಾಡಿಗೆ ಗೋಡೆಗಿಂತ ದಪ್ಪನೆಯ ಹೊದಿಕೆ ಬೇಕೆಂಬುದನ್ನು ವಿವರಿಸಬೇಕಾಗಿಲ್ಲ.

ದೊಡ್ಡ ಬಾಗಿಲಿಗೆ ಒಳಗಿನಿಂದ ನಿರೋಧಕ ಹಲಗೆಗಳನ್ನು ಅಂಟಿಸುವ ಪರಿಪಾಟವಿದೆ. ಒಳ್ಳೆಯದೇ. ಆದರೆ ಆ ಬಾಗಿಲು ತಕ್ಕಡಿಯಲ್ಲಿ ತೂಗಿದಂತೆ ನಿಂತಿರುವುದು ಅದರ ನೆತ್ತಿಯ ಮೇಲೆ ಸುತ್ತಿಟ್ಟ ಉಕ್ಕಿನ ಸ್ಪ್ರಿಂಗಿನ ಬಲದಿಂದ. ಹತ್ತಿಪ್ಪತ್ತು ಕಿಲೋ ಹೊಸ ಭಾರ ಬಿದ್ದೊಡನೆ ಆ ಸಮತೋಲ ಕೆಡುತ್ತದೆ, ಎತ್ತುವ ಮೋಟಾರು ಏದುತ್ತದೆ. ಸ್ಪ್ರಿಂಗನ್ನು ಮತ್ತೆ ಹದಗೊಳಿಸುವ ಕೆಲಸವನ್ನು ತಾನೇ ಮಾಡುವೆನೆಂದು ಏಣಿ ಹತ್ತುವ ಸಾಹಸ ಯಾರಿಗೂ ಬೇಡ. ಬಿಗಿದ ಸ್ಪ್ರಿಂಗು ಜಾರಿ ಮುಂಗೈಯನ್ನೇ ಮುರಿಯಬಲ್ಲುದು. ಅದಕ್ಕಾಗಿಯೇ ಕಲಿತವರು ಊರೂರಿನಲ್ಲಿಯೂ ಇದ್ದಾರೆ.

ನೆಲದ ಬಗ್ಗೆ ಒಂದೇ ಮಾತು. ಮೈಗೆಲ್ಲ ಉಣ್ಣೆ ಹೊದ್ದರೂ ಕಾಂಕ್ರೀಟು ಅಂಗಾಲಿನಿಂದ ಶಾಖವನ್ನು ಹೀರುತ್ತಿರುತ್ತದೆ. ಕೆಲಸದ ಮೇಜಿನ ಮುಂದೆ ದಪ್ಪನೆಯ ರಬ್ಬರು ಚಾಪೆಯನ್ನೋ, ನೊರೆಹಲಗೆಯ ಮೇಲೆ ಪ್ಲೈವುಡ್ಡನ್ನೋ ಹಾಸಿದರೆ ಹವೆಯನ್ನು ಮೂರು ನಾಲ್ಕು ಡಿಗ್ರಿ ಏರಿಸಿದಷ್ಟು ಸುಖವಿದೆ. ಬಿದ್ದ ಉಳಿಯ ಬಾಯಿಯೂ ಉಳಿಯುತ್ತದೆ.

ಇಷ್ಟೆಲ್ಲ ಮಾಡಿದುದರಿಂದ ಆಗುವ ವ್ಯತ್ಯಾಸವೆಷ್ಟೆಂಬುದನ್ನು ಕಾಗದದ ಮೇಲೆ ಹಾಕಿ ನೋಡಬಹುದು. ಇಪ್ಪತ್ತನಾಲ್ಕು ಅಡಿ ಉದ್ದ, ಅಷ್ಟೇ ಅಗಲ, ಎಂಟಡಿ ಎತ್ತರದ ಒಂದು ಬಿಡಿ ಗ್ಯಾರೇಜು; ಹೊರಗೆ ಶೂನ್ಯಕ್ಕಿಂತ 23 ಡಿಗ್ರಿ ಕೆಳಗೆ, ಒಳಗೆ ನಮಗೆ ಬೇಕಾದುದು 10 ಡಿಗ್ರಿ. ಗೋಡೆ ಬರಿದು, ಮಾಡು ಬರಿದು, ಸಂದುಗಳೆಲ್ಲ ತೆರೆದಿವೆಯೆಂದರೆ, ನನ್ನ ಅಂದಾಜಿನ ಪ್ರಕಾರ, ಆ ಮಟ್ಟವನ್ನು ಕಾಯ್ದುಕೊಳ್ಳಲು ಎಡೆಬಿಡದೆ ಸುಮಾರು 16 ಕಿಲೋವಾಟ್ ಶಾಖ ಬೇಕು. ಒಂದು ಸಂಸಾರದ ಮನೆಯನ್ನೇ ಬೆಚ್ಚಗಿಡುವಷ್ಟು. ಸಂದು ಮುಚ್ಚಿ, ಗೋಡೆಗೆ ಮೂರೂವರೆ ಅಂಗುಲದ ಹೊದಿಕೆ, ಮಾಡಿಗೆ ಅದರ ಮೂರರಷ್ಟು, ಬಾಗಿಲಿಗೆ ನೊರೆಹಲಗೆ ಎಂದು ಮುಗಿಸಿದರೆ ಬೇಕಾಗುವುದು 4 ಕಿಲೋವಾಟ್‌ಗೆ ತುಸು ಮೇಲೆ. ಅಮೆರಿಕದ ಸಾಮಾನ್ಯ 120 ವೋಲ್ಟಿನ ಪ್ಲಗ್ಗಿಗೆ ಸಿಕ್ಕಿಸುವ ಹೀಟರು 1500 ವಾಟ್‌ಗಿಂತ ಹೆಚ್ಚು ಕೊಡಲಾರದು. ಅಂತಹದೊಂದನ್ನು ತಂದು ಬರಿಗೋಡೆಯ ಗ್ಯಾರೇಜಿನಲ್ಲಿಟ್ಟವನು ಬೀದಿಯನ್ನು ಕಾಯಿಸುತ್ತಿದ್ದಾನೆ. 240 ವೋಲ್ಟಿನ, 5000 ವಾಟ್‌ನ ವಿದ್ಯುತ್ ಹೀಟರನ್ನು ಮಾಡಿನ ಮೂಲೆಗೆ ತೂಗುಹಾಕಿದರೆ ಹೊದಿಕೆ ಹೊದ್ದ ಗ್ಯಾರೇಜಿಗೆ ಅದು ಧಾರಾಳವಾಯಿತು. ದಿನವೂ ಕೆಲಸ ಮಾಡುವವರಿಗೆ, ಹೊರಗಣ ಹವೆಯಿಂದಲೇ ಶಾಖವನ್ನು ಹೆಕ್ಕಿ ಒಳಗೆ ತರುವ ಹೀಟ್ ಪಂಪುಗಳೂ ಈಗ ಬಂದಿವೆ. ಶೀತದೇಶಗಳಿಗೆಂದೇ ಮಾಡಿದವು ಶೂನ್ಯಕ್ಕಿಂತ 25 ಡಿಗ್ರಿ ಕೆಳಗಿನವರೆಗೂ, ಕಸುವು ಕುಂದಿದರೂ, ನಡೆಯುತ್ತವೆ.

ಉರಿಸುವ ಹೀಟರುಗಳ ವಿಚಾರದಲ್ಲಿ ನಾನು ಸ್ವಲ್ಪ ಕಠೋರವಾಗಿಯೇ ಮಾತಾಡಬೇಕಾಗಿದೆ. ಪ್ರೊಪೇನ್ ಸಿಲಿಂಡರಿನ ಮೇಲೆ ಕೂರಿಸುವ, ಹೊಗೆಗೊಳವೆಯಿಲ್ಲದ ಕೆಂಡದ ತಟ್ಟೆಗಳೂ, ಸೀಮೆಎಣ್ಣೆಯನ್ನು ಉರಿಸಿ ಗರ್ಜಿಸುತ್ತ ಬಿಸಿಗಾಳಿ ಉಗುಳುವ ತುಪಾಕಿಯಾಕಾರದ ಯಂತ್ರಗಳೂ ಅಗ್ಗವಾಗಿ ದೊರೆಯುತ್ತವೆ, ಕ್ಷಣದಲ್ಲಿ ಕಾವು ಕೊಡುತ್ತವೆ, ಆದುದರಿಂದಲೇ ಜನಪ್ರಿಯವಾಗಿವೆ. ಒಂದು ಕಿಲೋ ಪ್ರೊಪೇನ್ ಉರಿದಾಗ ಒಂದು ಕಿಲೋ ಆರುನೂರು ಗ್ರಾಂ ನೀರು ಆವಿಯಾಗಿ ಕೋಣೆಯಲ್ಲಿ ಉಳಿಯುತ್ತದೆಂಬುದನ್ನು ಕೊಳ್ಳುವವರಿಗೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಕಬ್ಬಿಣ ಬೆವರುವ ಕಥೆಯನ್ನು ಕೇಳಿದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ತುಕ್ಕಾದರೂ ತಿಕ್ಕಿದರೆ ಹೋಗುವಂತಹುದು. ಗಾಳಿ ಸಾಲದೆ ಉರಿಯುವ ಬೆಂಕಿಯಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಸಂದುಗಳನ್ನೆಲ್ಲ ಮುಚ್ಚಿ ಬಿಗಿಮಾಡಿದ ಗ್ಯಾರೇಜಿನಲ್ಲಿ ಅದು ಇನ್ನಷ್ಟು ಬೇಗ ಸೇರುತ್ತದೆ, ತಲೆನೋವೆಂದು ಮಲಗಿದವರು ಏಳದಿರುವುದೂ ಉಂಟು. ಅನಿಲದ ಹೀಟರೇ ಬೇಕೆನ್ನುವವರು ಉರಿಯುವುದಕ್ಕೆ ಬೇಕಾದ ಗಾಳಿಯನ್ನು ಒಂದು ಕೊಳವೆಯಿಂದ ಹೊರಗಿನಿಂದಲೇ ಎಳೆದುಕೊಂಡು, ಹೊಗೆಯನ್ನು ಇನ್ನೊಂದು ಕೊಳವೆಯಿಂದ ಹೊರಗೇ ಬಿಡುವ ಮಾದರಿಯನ್ನು ಆರಿಸಿ, ಬಲ್ಲವರಿಂದ ಕೂರಿಸಿ, ಮಾನಾಕ್ಸೈಡಿನ ಎಚ್ಚರಿಕೆಯ ಗಂಟೆಯೊಂದನ್ನು ಮನೆಯ ಬಾಗಿಲ ಬಳಿ ತೂಗುಹಾಕತಕ್ಕದ್ದು. ಬೆಂಕಿಯೋ ಕಿಡಿಯೋ ಇರುವ ಸಾಧನ ನೆಲದಿಂದ 18 ಅಂಗುಲವಾದರೂ ಮೇಲಿರಬೇಕೆಂದು ಸಂಹಿತೆ ಹೇಳುವುದಕ್ಕೆ ಕಾರಣ, ಪೆಟ್ರೋಲಿನ ಆವಿ ಹವೆಗಿಂತ ಭಾರವಾಗಿ ನೆಲವನ್ನು ಹಿಡಿದು ಹರಿಯುವುದು. ಮರದ ಹುಡಿ ತೇಲುವ ಹವೆಯಲ್ಲಿ, ವಾರ್ನಿಷಿನ ಆವಿ ತುಂಬಿದ ಕೋಣೆಯಲ್ಲಿ ಬತ್ತಲೆ ಜ್ವಾಲೆಯನ್ನು ಇಡುವುದು ಆತ್ಮಹತ್ಯೆಗೆ ಸಮಾನ. ಬಾಕ್ಕನ್ನನ ಡೊಳ್ಳುಹೊಟ್ಟೆಯ ಒಲೆಗೆ ಇಂದಿನ ವಿಮಾ ಕಂಪನಿಗಳು ಮುಖ ಸಿಂಡರಿಸುವುದು ಸುಮ್ಮನೆ ಅಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಗರಗಸ ಮೊದಲಾದ ಯಂತ್ರಗಳ ಹುಡಿಯನ್ನು ಹೀರುವ ದೊಡ್ಡ ಪಂಖಗಳು ನಿಮಿಷಕ್ಕೆ ಸಾವಿರ ಘನ ಅಡಿ ಹವೆಯನ್ನು ಸೆಳೆಯುವುದು ಸಾಮಾನ್ಯ. ನಾವು ಲೆಕ್ಕ ಹಾಕಿದ ಗ್ಯಾರೇಜಿನ ಒಟ್ಟು ಹವೆ 4600 ಘನ ಅಡಿ ಮಾತ್ರ. ಹುಡಿಯನ್ನು ನೇರವಾಗಿ ಹೊರಗೆ ಎಸೆಯುವ ಪಂಖ, ಐದು ನಿಮಿಷದೊಳಗೆ, ಕಷ್ಟಪಟ್ಟು ಕಾಯಿಸಿದ ಹವೆಯನ್ನೆಲ್ಲ ನೆರೆಯವನ ಹಿತ್ತಲಿಗೆ ದಾನಮಾಡಿಬಿಡುತ್ತದೆ. ಅಷ್ಟೇ ಅಲ್ಲದೆ ಒಳಗೆ ನಿರ್ವಾತದ ಎಳೆತವುಂಟಾಗಿ, ಸಾಧಾರಣ ಅನಿಲ ಹೀಟರಿನ ಹೊಗೆ ಕೊಳವೆಯಲ್ಲಿ ಮೇಲೇರುವುದನ್ನು ಬಿಟ್ಟು ಕೆಳಗಿಳಿದು ಕೋಣೆಗೆ ಬರುತ್ತದೆ. ಆದುದರಿಂದ ಚಳಿಗಾಲದಲ್ಲಿ ಹವೆಯನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ ಒಳಗೇ ಹಿಂದಿರುಗಿಸುವ ಏರ್ಪಾಡು ಅಗತ್ಯ. ಹೀಟರನ್ನೂ ಪಂಖವನ್ನೂ ಬೇರೆ ಬೇರೆ ಅಂಗಡಿಗಳಿಂದ ತರುವ ನಾವು ಅವೆರಡೂ ಒಂದೇ ಕೋಣೆಯ ಹವೆಗೆ ಜಗಳವಾಡುತ್ತವೆಂಬುದನ್ನು ಯೋಚಿಸುವುದಿಲ್ಲ.

ಇನ್ನುಳಿದ ಸಣ್ಣಪುಟ್ಟವನ್ನು ಬೇಗ ಹೇಳಿಬಿಡಬಹುದು. ಹಳೆಯ ಟ್ಯೂಬ್‌ಲೈಟುಗಳು ಚಳಿಯಲ್ಲಿ ಮಿಣುಕುತ್ತ ಸತಾಯಿಸುತ್ತವೆ, ಎಲ್ಇಡಿ ದೀಪಗಳಿಗೆ ಆ ಕಾಯಿಲೆಯಿಲ್ಲ. ಕೈಯಂತ್ರಗಳ ಲಿಥಿಯಂ ಬ್ಯಾಟರಿಗಳನ್ನು ಶೂನ್ಯಕ್ಕಿಂತ ಕೆಳಗೆ ಚಾರ್ಜು ಮಾಡಿದರೆ ಒಳಗೆ ಲಿಥಿಯಂ ಲೋಹವೇ ಪದರವಾಗಿ ಕೂತು ಅವು ಶಾಶ್ವತವಾಗಿ ಕೆಡುತ್ತವೆ. ಅವುಗಳ ವಾಸ ಮನೆಯೊಳಗೆ.

ಇಷ್ಟೆಲ್ಲ ಹೇಳಿದ ಮೇಲೂ, ಗ್ಯಾರೇಜಿಗೆ ಹಣ ಸುರಿಯಲಾರದ ಅಥವಾ ಬಾಡಿಗೆಯ ಮನೆಯಲ್ಲಿದ್ದು ಗೋಡೆ ಮುಟ್ಟಲಾಗದ ಕಸುಬುಪ್ರೇಮಿಗೆ ನಿರಾಶೆ ಬೇಕಿಲ್ಲವೆಂದು ನಾನು ನಂಬಿದ್ದೇನೆ. ಮಿನ್ನೆಸೋಟವನ್ನು ನೆಲೆಮಾಡಿಕೊಂಡ ಸ್ವೀಡಿಷರೂ ನಾರ್ವೇಜಿಯನ್ನರೂ ಬಂದ ನಾಡುಗಳಲ್ಲಿ ರೈತ ಚಮಚ, ಬಟ್ಟಲು, ಹಿಡಿಕೆ, ಪೆಟ್ಟಿಗೆಗಳನ್ನು ಕೆತ್ತುತ್ತಿದ್ದುದೇ ಹೊಲ ಹಿಮದಡಿ ಮಲಗಿರುವ ತಿಂಗಳುಗಳಲ್ಲಿ. ಸ್ವೀಡನ್ನಿನ ನ್ಯಾಸ್ ಎಂಬಲ್ಲಿ ಆಟೊ ಸಾಲೊಮನ್ 1870ರ ದಶಕದಲ್ಲಿ ಶಾಲಾ ಉಪಾಧ್ಯಾಯರಿಗೆ ಕೈಗೆಲಸದ ಶಿಕ್ಷಣವನ್ನು ಏರ್ಪಡಿಸಿದಾಗ ಆಧಾರವಾದದ್ದು ಈ ಚಳಿಗಾಲದ ಕಸುಬೇ. ಅವರ ಕೆಲಸಕ್ಕೆ ಬೇಕಾದದ್ದು ಹಸಿಮರ, ಒಂದು ಚೂರಿ, ಒಂದು ಕೊಡಲಿ, ಅಂಟಿಲ್ಲ, ಯಂತ್ರವಿಲ್ಲ. ಕೆಲಸವನ್ನು ಋತುವಿಗೆ ಹೊಂದಿಸಿಕೊಳ್ಳುವ ಈ ಬುದ್ಧಿಯನ್ನು ಇಂದಿನವರೂ ಅನುಸರಿಸಬಹುದು: ಒರಟಾಗಿ ಕೊಯ್ಯುವುದು, ಕೀಸುವುದು, ಕೂಡುಗಳನ್ನು ಉಳಿಯಿಂದ ಕೊರೆಯುವುದು ಡಿಸೆಂಬರಿನ ಗ್ಯಾರೇಜಿನಲ್ಲಿ, ಅಂಟು ಹಾಕಿ ಬಿಗಿಯುವುದು ಮನೆಯ ನೆಲಮಾಳಿಗೆಯಲ್ಲಿ, ಬಣ್ಣ ಬಳಿಯುವುದು ಮೇ ತಿಂಗಳಿಗೆ. ನನ್ನ ನೆರೆಯ ವೃದ್ಧರೊಬ್ಬರು, ಸ್ವೀಡಿಷ್ ಮನೆತನದವರು, ಹೀಟರೇ ಇಲ್ಲದ ಗ್ಯಾರೇಜಿನಲ್ಲಿ ಚಳಿಗಾಲವಿಡೀ ಬರ್ಚ್ ಮರದ ಸೌಟುಗಳನ್ನು ಕೆತ್ತುತ್ತಾರೆ. ಅವರ ಹತ್ತಿರ ಹೀಟರಿನ ಮಾತೆತ್ತಿದರೆ ಕೊಡಲಿಯನ್ನು ತೋರಿಸುತ್ತಾರೆ.

ಕಾಯಿಸುವ ಗ್ಯಾರೇಜುಳ್ಳವರಿಗೆ ಕೊನೆಯದಾಗಿ ಒಂದು ಸೂಚನೆ. ಮಾರ್ಚಿಯ ಕೊನೆಗೋ ಏಪ್ರಿಲಿನ ಮೊದಲಿಗೋ ಒಂದು ದಿನ ದಕ್ಷಿಣದ ಗಾಳಿ ಬೀಸಿ, ಹಿಮ ಕರಗಿ, ಹೊರಗೆ ಹದಿನೈದು ಡಿಗ್ರಿಯಾಯಿತೆಂದೊಡನೆ ಹೀಟರನ್ನು ಆರಿಸಿ ದೊಡ್ಡ ಬಾಗಿಲನ್ನು ಹಾರು ಹೊಡೆಯುವ ಉಲ್ಲಾಸ ಎಲ್ಲರಿಗೂ ಬರುತ್ತದೆ. ಆ ಹೊತ್ತಿಗೆ ಹವೆ ವಸಂತದ್ದು, ಕರಗಿದ ಹಿಮದ ತೇವವನ್ನು ತುಂಬಿಕೊಂಡದ್ದು. ಕಾಂಕ್ರೀಟು ಮಾತ್ರ, ಅದರ ಅಂಚಿನ ಮಣ್ಣು ಇನ್ನೂ ಹೆಪ್ಪುಗಟ್ಟಿಯೇ ಇರುವುದರಿಂದ, ಇನ್ನೂ ಫೆಬ್ರುವರಿಯಲ್ಲಿಯೇ ಇದೆ. ನೆಲ ನೀರು ಚಿಮುಕಿಸಿದಂತೆ ಒದ್ದೆಯಾಗುವುದೂ, ಇಡೀ ಚಳಿಗಾಲದಲ್ಲಿ ಕಾಣಿಸಿಕೊಳ್ಳದ ತುಕ್ಕು ಒಂದೇ ಮಧ್ಯಾಹ್ನದಲ್ಲಿ ಗರಗಸದ ಹಾಸನ್ನು ಆಕ್ರಮಿಸುವುದೂ ಈ ದಿನಗಳಲ್ಲಿಯೇ. ಬಾಗಿಲು ಮುಚ್ಚಿಯೇ ಇರಲಿ, ಹೀಟರು ಇನ್ನೆರಡು ವಾರ ಸಣ್ಣಗೆ ನಡೆಯುತ್ತಿರಲಿ. ಅಂಗೈಯನ್ನು ನೆಲಕ್ಕೆ ಇಟ್ಟು ನೋಡಿ, ಅದರ ಕೊರೆತ ಬಿಟ್ಟಿದೆಯೆಂದು ಖಚಿತವಾದ ಮೇಲೆ ಬಾಗಿಲು ತೆರೆದರಾಯಿತು.